ಅರಿಶಿನ ಮೂತಿಯ ನರಿ

ಕಾಗೆ ಬರಲೇ ಇಲ್ಲ. ನಮ್ಮ ಯಜಮಾನರಿಗೆಂದು ನಾನಿಟ್ಟ ಎಡೆಯನ್ನು ನನ್ನ ಅಳಿಯ ಎತ್ತಿ ನರಿಗೆ ತಿನ್ನಿಸಿದ, ಅದು ತಿನ್ನುವಾಗ ಫೋಟೋ ತೆಗೆದ, ಆ ಫೋಟೋಗೆ ಬಹುಮಾನವನ್ನೂ ಹೊಡೆದ. ನಡೆದದ್ದು ಇಷ್ಟೇ. ಬೆಳಕು, ಬಣ್ಣ, ಅದೃಷ್ಟ ಎಂದು ಅವನು ಹೇಳುವುದೆಲ್ಲ ಆಮೇಲೆ ಸೇರಿಸಿದ್ದು.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಒತ್ತಕ್ಷರ ತಪ್ಪಿದರೆ ಮಗಳು ತಿದ್ದಲಿ; ಸಂಗತಿಯನ್ನು ತಿದ್ದುವ ಹಾಗಿಲ್ಲ ಎಂದು ಮೊದಲೇ ಹೇಳಿ ಬರೆಯಲು ಕೂತಿದ್ದೇನೆ. ಸಂಗತಿಯಲ್ಲಿ ಅವಳ ಗಂಡ ಇದ್ದಾನೆ, ಅದಕ್ಕೆ.

ನಮ್ಮ ಯಜಮಾನರು ಮೈಸೂರಿನಲ್ಲಿ ಸರ್ಕಾರಿ ಬಸ್ಸು ಓಡಿಸುತ್ತಿದ್ದರು. ಹೊತ್ತುಗೊತ್ತಿಲ್ಲದ ಡ್ಯೂಟಿ. ಯಾವಾಗ ಬಂದರೂ ತಟ್ಟೆಯಲ್ಲಿ ಮುದ್ದೆ ಹಬೆಯಾಡುತ್ತಿರಬೇಕು. ಆರಿದ್ದರೆ ತಟ್ಟೆ ತಳ್ಳಿ ಎದ್ದುಬಿಡುವರು. ಒಳ್ಳೆಯವರೇ, ಊಟದ ವಿಷಯದಲ್ಲಿ ಮಾತ್ರ ಕೆಟ್ಟವರು. ಅವರು ಹೋದ ಮೇಲೆ ಅವರಿಗೆ ವರ್ಷಕ್ಕೊಂದೇ ಊಟ. ಪಿತೃಪಕ್ಷದ ಅಮಾವಾಸ್ಯೆಗೆ, ನಮ್ಮ ಬಾಯಲ್ಲಿ ಮಾರ್ಲಾಮಿ ಹಬ್ಬಕ್ಕೆ. ಅವತ್ತು ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಮಾಡಿ ಬಾಳೆಎಲೆಯಲ್ಲಿ ಬಡಿಸಿಡುತ್ತೇವೆ. ಅದೇ ಎಡೆ. ನಮ್ಮವರಿಗೆ ಕೋಳಿ ಸಾರು, ಮುದ್ದೆ, ಉದ್ದಿನ ವಡೆ, ಕಜ್ಜಾಯ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಬೀಡಿಯನ್ನು ಊರಿಂದ ಬರುವಾಗಲೇ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತಂದಿದ್ದೇನೆ. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಬೇಕು. ಹಿರಿಯರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಕಾಗೆ ಬಂದು ಮುಟ್ಟಿದರೆ ಅವರಿಗೆ ಸೇರಿತು. ಆಮೇಲೆ ನಮ್ಮ ಊಟ.

ಸತ್ತವರು ನಿಜವಾಗಲೂ ಬಂದು ಉಣ್ಣುತ್ತಾರಾ ಎಂದು ಮೊಮ್ಮಗಳು ಕೇಳುತ್ತಾಳೆ. ನನಗೇನು ಗೊತ್ತು? ಬರುವುದಾದರೆ, ಬಂದವರಿಗೆ ಊಟ ಇರಬೇಕು. ನನ್ನ ಕೆಲಸ ಅಷ್ಟೇ.

ಮಗಳ ಮನೆ ನ್ಯೂಯಾರ್ಕಿಗೆ ಹತ್ತಿರದ ಊರು ಬಾಸ್ಕಿಂಗ್ ರಿಡ್ಜ್‌ನಲ್ಲಿ. ನಾನು ಇಲ್ಲಿಗೆ ಬಂದ ಮೇಲೆ ಪ್ರತಿ ವರ್ಷವೂ ಹಿಂದಿನ ಡೆಕ್ಕಿನ ಮೇಲೆ, ಎಂದರೆ ಮರದ ಹಲಗೆಯ ಜಗಲಿ ಮೇಲೆ, ಎಡೆ ಇಟ್ಟಿದ್ದೇನೆ. ಇಲ್ಲಿನ ಕಾಗೆಗೆ ನಮ್ಮ ಕಾಗೆಯ ಹಾಗೆ ಕತ್ತಿನಲ್ಲಿ ಬೂದಿ ಬಣ್ಣವಿಲ್ಲ, ಮೈಯೆಲ್ಲ ಒಂದೇ ಕಪ್ಪು. ಮೊದಲ ವರ್ಷ ನನಗೆ ಅದರ ಮೇಲೂ ಅನುಮಾನವಿತ್ತು. ಆದರೆ ಮಾರನೆಯ ದಿನ ನನ್ನ ತಟ್ಟೆಯಿಂದಲೇ ವಡೆ ಎತ್ತಿಕೊಂಡು ಹಾರಿದ ರೀತಿ ನೋಡಿ ಇದೂ ಕಾಗೆಯೇ ಎಂದು ಒಪ್ಪಿಕೊಂಡೆ.

ಅಳಿಯನಿಗೆ ಕ್ಯಾಮೆರಾ ಹುಚ್ಚು. ವಾರವೆಲ್ಲ ಆಫೀಸು, ಶನಿವಾರ ಬಂತೆಂದರೆ ಮೊಳದುದ್ದದ ಲೆನ್ಸು ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ. ಎಲೆ ಕೆಂಪಾಗುವ ಕಾಲಕ್ಕಂತೂ ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಗೆ, ಬೆಟ್ಟ ಮತ್ತು ಕೆರೆಗಳ ಒಂದು ದೊಡ್ಡ ಕಾಡಿಗೆ ಹೋಗಲೇಬೇಕು. ಮೂರು ಶರತ್ಕಾಲದಿಂದ ಹೋಗುತ್ತಿದ್ದ. ಅಲ್ಲಿ ಮೂಸ್ ಎಂಬ ಪ್ರಾಣಿ ಇದೆ, ಕುದುರೆಗಿಂತ ಎತ್ತರ, ತಲೆಯ ಮೇಲೆ ಮೊರದಂಥ ಕೊಂಬು. ಅವನಿಗೆ ಇದುವರೆಗೆ ಸಿಕ್ಕಿದ್ದು ಅದರ ಬೆನ್ನಿನ ಫೋಟೋ ಮಾತ್ರ. ಕ್ಯಾಮೆರಾ ಕ್ಲಬ್ಬಿನಲ್ಲಿ ಬೇರೆಯವರಿಗೆಲ್ಲ ಬಹುಮಾನ ಬಂದಿತ್ತು, ಇವನಿಗೆ ಇಲ್ಲ. ಮನೆಯಲ್ಲಿ ಆ ವಿಷಯ ಎತ್ತುವ ಹಾಗಿರಲಿಲ್ಲ.

ಹಬ್ಬಕ್ಕೆ ವಾರ ಇರುವಾಗ ಅಡುಗೆಮನೆಗೆ ಬಂದು ನಿಂತ. ಅಡುಗೆಮನೆಗೆ ಅವನು ಬರುವುದೇ ಗ್ರೀನ್ ಟೀ ಮಾಡಿಕೊಳ್ಳಲು.

"ಅತ್ತೆ, ಈ ಸಲ ಮಾರ್ಲಾಮಿ ವೀಕೆಂಡಲ್ಲೇ ಬಂದಿದೆ. ನಾನು ಕಾಡಲ್ಲಿ ಕ್ಯಾಬಿನ್ ಬುಕ್ ಮಾಡಿದೀನಿ. ಎಲ್ಲರೂ ಹೋಗೋಣ. ಎಡೆ ಅಲ್ಲೇ ಇಟ್ಟರಾಯ್ತು."

"ಕಾಡಲ್ಲಾ?"

"ಅಲ್ಲಿ ಕಾಗೆ ಜಾಸ್ತಿ ಅತ್ತೆ. ಇಲ್ಲಿಗಿಂತ ದೊಡ್ಡ ಕಾಗೆ. ಮಾವನೋರಿಗೂ ಚೇಂಜ್ ಇರುತ್ತೆ."

ನನಗೆ ಅಲ್ಲೇ ಮೂಗು ಚುರುಕಾಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಎಡೆಯ ಬಗ್ಗೆ ಅವನು ಆಡಿದ ಮಾತು ಒಂದೇ: "ಅತ್ತೆ, ಧೂಪ ಜಾಸ್ತಿ ಹಾಕ್ಬೇಡಿ, ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ." ಅಂಥವನು ಕಾಗೆಯ ಅಳತೆ ಹೇಳುತ್ತಿದ್ದಾನೆ. ಹೋಗುವಾಗ ಇನ್ನೊಂದು ಹೇಳಿದ.

"ಕೋಳಿ ಸ್ವಲ್ಪ ಜಾಸ್ತಿನೇ ಮಾಡಿ. ತೊಡೆ ಪೀಸ್ ಕಟ್ ಮಾಡ್ಬೇಡಿ, ಇಡೀದು ಬಿಡಿ."

"ನೀವು ತೊಡೆ ತಿನ್ನಲ್ವಲ್ಲ?"

"ಎಡೆಗೆ ಅತ್ತೆ, ಎಡೆಗೆ. ನೋಡೋಕೆ ಚೆನ್ನಾಗಿರುತ್ತೆ."

ನೋಡಬಾರದ ಊಟ ನೋಡಲು ಯಾಕೆ ಚೆನ್ನಾಗಿರಬೇಕು? ರಾತ್ರಿ ಮಗಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, "ಅವ್ವ, ಅವರು ಪ್ರೀತಿಯಿಂದ ಕರೆದ್ರೂ ನಿಂಗೆ ಅನುಮಾನ," ಎಂದಳು. ಹೌದು, ಪ್ರೀತಿಯಿಂದ ಕರೆದರೆ ಇನ್ನೂ ಜಾಸ್ತಿ.

ಕೋಳಿಯನ್ನು ಪಕ್ಕದೂರು ಸಮರ್‌ಸೆಟ್‌ನ ಅಂಗಡಿಯಿಂದ ತರಿಸಿದೆ. ಮಸಾಲೆಯನ್ನು ನಾನೇ ಹುರಿದು ಅರೆದೆ. ಅರಿಶಿನ ಊರಿನದು, ತಂಗಿ ಕಳಿಸಿದ್ದು. ಇಲ್ಲಿನ ಡಬ್ಬದ ಅರಿಶಿನದಂತಲ್ಲ, ಬೆರಳಿಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ಸಾರು, ವಡೆ, ಕಜ್ಜಾಯ ಎಲ್ಲ ಡಬ್ಬಗಳಿಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿ ಇಟ್ಟೆವು. ಮುದ್ದೆಗೆ ಹಿಟ್ಟು, ಕೋಲು, ಪಾತ್ರೆ ಬೇರೆ. ದಾರಿಯುದ್ದಕ್ಕೂ ಕಾರಿನ ತುಂಬ ಕೋಳಿ ಸಾರಿನ ವಾಸನೆ. ಮೊಮ್ಮಗಳು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು, "ಅಜ್ಜಿ, ಎವ್ರಿ ಬೇರ್ ಇನ್ ನ್ಯೂಯಾರ್ಕ್ ಈಸ್ ಫಾಲೋಯಿಂಗ್ ಅಸ್," ಎಂದಳು. ಅವಳಿಗೆ ಹದಿನೈದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನಗೂ ಅವಳ ಇಂಗ್ಲಿಷು ಹಾಗೇ. ಈ ವಾಸನೆಗೆ ಕರಡಿಯೆಲ್ಲ ನಮ್ಮ ಹಿಂದೆ ಬರುತ್ತದಂತೆ. ಬರಲಿ, ಕರಡಿಯಾದರೆ ಯಾಕೆ ಬಂತೆಂದು ಅನುಮಾನ ಪಡಬೇಕಾಗಿಲ್ಲ.

ಮೇಲೆ ಮೇಲೆ ಹೋದಂತೆ ಮರಗಳು ಕೆಂಪು, ಹಳದಿ, ಕಿತ್ತಳೆ. ಮಗಳು ಅಯ್ಯೋ ಅವ್ವ ನೋಡು, ನೋಡು ಎನ್ನುತ್ತಲೇ ಇದ್ದಳು. ನೋಡಿದೆ. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾಳೆ ಉದುರುವ ಎಲೆಗೆ ಇವತ್ತು ಇಷ್ಟು ಬಣ್ಣ ಯಾಕೆ? ಅದನ್ನು ನೋಡಲು ಐದು ಗಂಟೆ ದಾರಿ ಯಾಕೆ? ಮನೆಯ ಹಿಂದೆಯೂ ಉದುರುತ್ತದೆ, ಗುಡಿಸುವವಳು ನಾನು.

ಕ್ಯಾಬಿನ್ನು ಮರದ ಮನೆ, ಹಿಂದೆ ಕೆರೆ. ಕೆರೆಯ ದಡದಲ್ಲಿ ಒಂದು ಚಪ್ಪಟೆ ಬಂಡೆ, ಬಂಡೆಗಿಂತ ಆಚೆ ನೀರಿನ ಮೇಲೆ ಬಾಗಿದ ಕೆಂಪು ಮೇಪಲ್ ಮರ. ಮನೆಯ ಮುಂದೆ ಒಂದು ಬೋರ್ಡು. ಮೊಮ್ಮಗಳು ಓದಿ ಹೇಳಿದಳು: ಪ್ರಾಣಿಗಳಿಗೆ ಏನೂ ತಿನ್ನಲು ಹಾಕಬಾರದು, ಊಟವನ್ನು ಹೊರಗೆ ಬಿಡಬಾರದು.

"ಹಂಗಾರೆ ಎಡೆ?" ಎಂದೆ.

"ಅದು ಟೂರಿಸ್ಟ್‌ಗಳಿಗೆ ಅತ್ತೆ," ಎಂದ ಅಳಿಯ.

"ನಾವ್ಯಾರು?"

"ಬರೀ ಸ್ವಲ್ಪ ಹೊತ್ತು ತಾನೇ. ಮಾವನೋರು ಪ್ರಾಣಿನಾ?"

ಒಂದು ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಸ್ಟಾಪ್ ಬೋರ್ಡಿಗೆ ನಿಂತು, ಎಡಕ್ಕೆ ಬಲಕ್ಕೆ ನೋಡಿ ಹೊರಡುವ ಮನುಷ್ಯ ಇವನು. ಕಸವನ್ನು ಬಣ್ಣ ಬಣ್ಣದ ಡಬ್ಬಕ್ಕೆ ವಿಂಗಡಿಸಲಿಲ್ಲವೆಂದು ನನಗೆ ಪಾಠ ಮಾಡಿದವನು. ಅವನ ಬಾಯಲ್ಲಿ ಬೋರ್ಡಿಗೆ ಇಷ್ಟು ಸಲೀಸಾಗಿ ಬೆಲೆಯಿಲ್ಲದೆ ಹೋಯಿತೆಂದರೆ! ನಾನು ಒಪ್ಪಿದೆ, ಯಾಕೆಂದರೆ ನನಗೆ ಎಡೆ ಇಡಬೇಕಿತ್ತು. ನನ್ನ ಲೆಕ್ಕದಲ್ಲಿ ಅದು ಪ್ರಾಣಿಗೆ ಹಾಕುವ ತಿಂಡಿಯಲ್ಲ, ಗಂಡನಿಗೆ ಬಡಿಸುವ ಊಟ. ಆದರೆ ಅವನು ಯಾಕೆ ಒಪ್ಪಿದ ಎಂಬುದು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಸಂಜೆ ಆ ನರಿ ಬಂತು. ನಮ್ಮ ಕಡೆಯ ನರಿಯಂತೆ ಬೂದು ಅಲ್ಲ. ಮೈಯೆಲ್ಲ ಕೆಂಪು, ಕಾಲು ಕಪ್ಪು, ಬಾಯಿಯ ಕೆಳಗೆ, ಕತ್ತಿಗೆ ಹಾಲಿನಂಥ ಬಿಳಿ. ಕೆರೆಯ ದಡದಲ್ಲಿ ಮನೆಯ ಕಡೆ ಮೂಗೆತ್ತಿ ನಿಂತು, ಹಾಗೇ ಹೋಯಿತು. ಅಳಿಯ ಕ್ಯಾಮೆರಾಕ್ಕೆ ಓಡುವಷ್ಟರಲ್ಲಿ ಇಲ್ಲ.

"ಛೇ! ಆ ಬಂಡೆ ಮೇಲೆ ಒಂದೇ ಒಂದು ನಿಮಿಷ ನಿಂತಿದ್ರೆ," ಎಂದ. ಆಮೇಲೆ ಬಂಡೆಯನ್ನೇ ನೋಡುತ್ತ ನಿಂತ. ಆಮೇಲೆ ನನ್ನನ್ನು ನೋಡಿದ. "ಅತ್ತೆ, ಎಡೆ ಆ ಬಂಡೆ ಮೇಲೇ ಇಡೋಣ. ಕಾಗೆಗೆ ಮೇಲಿಂದ ಕಾಣುತ್ತೆ."

ಬೆಳಿಗ್ಗೆ ಕೆರೆಯ ಮೇಲೆ ಮಂಜು. ಸಾರು ಬಿಸಿ ಮಾಡಿದೆ, ಮುದ್ದೆ ತಿರುವಿದೆ, ಎಲೆ ತೊಳೆದೆ. ಬಂಡೆಯ ಮೇಲೆ ಎಲೆ ಹಾಸಿ ಎಲ್ಲ ಬಡಿಸಿ, ಬೀಡಿ ಕಟ್ಟು ಇಟ್ಟು, ನೀರು ಬಿಟ್ಟು ಕೈ ಮುಗಿದೆ. "ಬಿಸಿಯಾಗಿದೆ, ಬೇಗ ಉಣ್ಣಿ," ಎಂದೆ. ಎಲ್ಲರೂ ಒಳಗೆ ಬಂದೆವು. ನಾನೇ ಬಾಗಿಲು ಹಾಕಿ, ಕೆರೆಯ ಕಡೆಯ ಕಿಟಕಿಗೆ ಪರದೆ ಎಳೆದೆ.

"ಅಯ್ಯೋ, ಟ್ರೈಪಾಡ್ ಹೊರಗೇ ಉಳೀತು," ಎಂದ ಅಳಿಯ. "ಇಬ್ಬನಿ ಬೀಳುತ್ತೆ. ತಂದ್ಬಿಡ್ತೀನಿ."

"ಎಡೆ ಕಡೆ ನೋಡಬೇಡಿ."

"ಕಣ್ಣು ಮುಚ್ಕೊಂಡೇ ಹೋಗ್ತೀನಿ ಅತ್ತೆ."

ಟ್ರೈಪಾಡ್ ತರುವುದಕ್ಕೆ ಹೋದವನು ಬರಲೇ ಇಲ್ಲ. ಮಗಳು ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಟ್ಟಳು. ಮೊಮ್ಮಗಳಿಗೆ ಹಸಿವು. ನಾನು ಪರದೆ ಸರಿಸಬೇಕೆಂದುಕೊಂಡವಳು ಸರಿಸಲಿಲ್ಲ. ನೋಡಬಾರದು ಎಂದ ಮೇಲೆ ನಾನೂ ನೋಡಬಾರದು. ಆ ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಬಂದ. ಶೂ ಒದ್ದೆ, ಮಂಡಿಯಲ್ಲಿ ಕೆಸರು, ಮುಖ ಹಬ್ಬದ ಹಾಗೆ ಬೆಳಗುತ್ತಿದೆ.

"ಕಾಗೆ ಬಂತು ಅತ್ತೆ! ಎರಡು! ಎಲ್ಲ ತಿಂದು ಹೋಯ್ತು!"

ಹೋಗಿ ನೋಡಿದೆ. ಎಲೆ ಗುಡಿಸಿಟ್ಟ ಹಾಗಿದೆ. ಮುದ್ದೆ ಮಾತ್ರ ಅರ್ಧ ಉಳಿದಿತ್ತು. ಒಂದು ಎಲುಬೂ ಇಲ್ಲ. ನಾನು ಎಷ್ಟೋ ಕಾಗೆ ಕಂಡಿದ್ದೇನೆ. ಮಾಂಸ ಕೀಳುತ್ತದೆ, ಎಲುಬನ್ನು ಬಿಟ್ಟು ಹೋಗುತ್ತದೆ. ಇನ್ನೊಂದು, ಬೀಡಿ ಕಟ್ಟೂ ಇಲ್ಲ. ಬೆಂಕಿಪೊಟ್ಟಣ ಮಾತ್ರ ಇಟ್ಟಲ್ಲಿ ಇತ್ತು.

"ಕಾಗೆ ಬೀಡಿನೂ ತಕ್ಕೊಂಡ್ ಹೋಯ್ತಾ?"

"ಕಾಗೆ ಅಲ್ವಾ ಅತ್ತೆ, ಸಿಕ್ಕಿದ್ದೆಲ್ಲ ಎತ್ಕೊಂಡು ಹೋಗುತ್ತೆ."

"ಬೆಂಕಿಪೊಟ್ಟಣ ಬ್ಯಾಡವಂತಾ?"

ಮಗಳು ನಕ್ಕಳು. ಅವನೂ ನಕ್ಕ, ಆದರೆ ಒಂದು ಕ್ಷಣ ತಡವಾಗಿ. ಅವತ್ತೆಲ್ಲ ಅವನು ಪುದೀನ ವಾಸನೆಯ ಚೂಯಿಂಗ್ ಗಮ್ಮು ಅಗಿಯುತ್ತಲೇ ಇದ್ದ. ಕಾಗೆ ಮುಟ್ಟಿತು ಎಂದ ಮೇಲೆ ನಾವು ಉಣ್ಣಬೇಕು, ಉಂಡೆವು. ಅನುಮಾನ ಹೇಳುವುದಕ್ಕೆ ಕೈಯಲ್ಲಿ ಸಾಕ್ಷಿ ಏನೂ ಇರಲಿಲ್ಲ.

ಎಲೆಗಳೆಲ್ಲ ಉದುರಿ ಮುಗಿದ ಮೇಲೆ, ಒಂದು ಶನಿವಾರ ಮಾರಿಸ್‌ಟೌನಿನಲ್ಲಿ ಕ್ಯಾಮೆರಾ ಕ್ಲಬ್ಬಿನವರ ಪ್ರದರ್ಶನ. ಅಳಿಯ ಹೊಸ ಜಾಕೆಟ್ಟು ಹಾಕಿದ. ನನ್ನನ್ನು ಕರೆಯಲಿಲ್ಲ. "ಅತ್ತೆಗೆ ಬೋರಾಗುತ್ತೆ," ಎಂದ. ಎಲ್ಲ ಕಡೆಗೂ ಅತ್ತೆ ಬನ್ನಿ ಎನ್ನುವವನು ಇದೊಂದಕ್ಕೆ ಬೇಡ ಎಂದರೆ ನಾನು ಹೋಗದೆ ಇರುತ್ತೇನಾ? ಸ್ವೆಟರ್ ಹಾಕಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತೆ.

ಗೋಡೆಯ ತುಂಬ ಫೋಟೋಗಳು. ಅವನದರ ಪಕ್ಕ ನೀಲಿ ರಿಬ್ಬನ್ನು, ಮೊದಲನೆಯ ಬಹುಮಾನ. ಅದೇ ಬಂಡೆ, ಅದೇ ಮೇಪಲ್ ಮರ, ಮಂಜು. ನಡುವೆ ಆ ನರಿ ನೇರ ನಮ್ಮನ್ನೇ ನೋಡುತ್ತಿದೆ. ಚೆನ್ನಾಗಿತ್ತು. ಮಗಳ ಕಣ್ಣಲ್ಲಿ ನೀರು ಬಂತು. ಟೋಪಿ ಹಾಕಿದ ಒಬ್ಬ ಮುದುಕ ಅಳಿಯನ ಕೈ ಕುಲುಕಿ, ನರಿಯ ಮೂತಿಯನ್ನು ತೋರಿಸಿ ಏನೋ ಹೇಳಿದ. ಏನಂತೆ ಎಂದು ಮೊಮ್ಮಗಳನ್ನು ಕೇಳಿದೆ.

"ಗೋಲ್ಡನ್ ಲೈಟ್, ಅಜ್ಜಿ. ಆನ್ ದ ಫೇಸ್. ಹೀ ಸೇಸ್ ಇಟ್ಸ್ ಮ್ಯಾಜಿಕಲ್."

ಕನ್ನಡಕ ಒರೆಸಿಕೊಂಡು ಹತ್ತಿರ ಹೋದೆ. ಕತ್ತಿನ ಬಿಳಿ ಬಿಳಿಯಾಗಿಯೇ ಇದೆ. ಕಿವಿಯ ಒಳಗೂ ಬಿಳಿ. ಬಾಯಿಯ ಸುತ್ತ, ಮೀಸೆಯ ಬುಡದಲ್ಲಿ ಮಾತ್ರ ಹಳದಿ, ಅದೂ ಒಂದು ಕಡೆ ಗಲ್ಲಕ್ಕೆ ಒರೆಸಿಕೊಂಡ ಹಾಗೆ ಗೀರು. ಸೂರ್ಯನ ಬೆಳಕು ಮೂತಿ ಹುಡುಕಿಕೊಂಡು ಬೀಳುತ್ತದಾ? ನನ್ನ ತಂಗಿ ಕಳಿಸಿದ ಅರಿಶಿನ ನನಗೆ ಗೊತ್ತಾಗುವುದಿಲ್ಲವಾ? ಮೊಮ್ಮಗಳು ಚಿಕ್ಕವಳಿದ್ದಾಗ ಸಾರು ಕುಡಿದರೆ ಅವಳ ಮುಖವೂ ಹೀಗೇ ಆಗುತ್ತಿತ್ತು.

ಜನರ ಮುಂದೆ ಅಳಿಯನ ಮಾನ ತೆಗೆಯುವವಳಲ್ಲ ನಾನು. ಕಾರಿನ ಬಾಗಿಲು ಮುಚ್ಚಿದ ಮೇಲೆ ಕೇಳಿದೆ.

"ಎಡೆ ಕೋಳಿ ನರಿಗೆ ಹಾಕಿದ್ಯಾ?"

ಬಹುವಚನ ಬಾಯಿಗೆ ಬರಲಿಲ್ಲ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಏನತ್ತೆ ನೀವು..."

"ಅದರ ಮೂತಿ ತುಂಬ ನನ್ನ ಸಾರು ಅದೆ. ಗೋಲ್ಡನ್ ಲೈಟಂತೆ!"

ಕಾರು ಸ್ಟಾಪ್ ಬೋರ್ಡಿನ ಹತ್ತಿರ ನಿಂತಿತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹೊರಡಲೇ ಇಲ್ಲ.

"ಕಾಗೆಗೆ ಅಂತ ಕಾದೆ ಅತ್ತೆ, ದೇವರಾಣೆ ಕಾದೆ. ಒಂದೂ ಬರಲಿಲ್ಲ. ನರಿ ಪೊದೆ ಹಿಂದೆ ಕೂತಿತ್ತು. ತೊಡೆ ಪೀಸ್ ಒಂದನ್ನ ಎತ್ತಿ ಬಂಡೆ ತುದಿಗಿಟ್ಟೆ, ಅಷ್ಟೇ. ಆಮೇಲೆ ಅದು ಎಲೆ ಹತ್ರಾನೇ ಬಂದ್ಬಿಡ್ತು."

"ಯು ಬೇಟೆಡ್ ಇಟ್?" ಎಂದು ಹಿಂದಿನಿಂದ ಮೊಮ್ಮಗಳು ಕಿರುಚಿದಳು. "ಡ್ಯಾಡ್! ದಟ್ಸ್ ಅಗೇನ್ಸ್ಟ್ ದ ರೂಲ್ಸ್! ದಟ್ಸ್ ಹೌ ಫಾಕ್ಸಸ್ ಗೆಟ್ ಕಿಲ್ಡ್!"

ಮನುಷ್ಯರ ಊಟಕ್ಕೆ ರುಚಿ ಹತ್ತಿದ ನರಿ ಮನೆಗಳ ಹತ್ತಿರ ಬಂದು ಸಾಯುತ್ತದಂತೆ. ಅದಕ್ಕೇ ಆ ಬೋರ್ಡು, ಅದಕ್ಕೇ ಕ್ಲಬ್ಬಿನಲ್ಲೂ ತಿಂಡಿ ತೋರಿಸಿ ಕರೆದು ತೆಗೆದ ಫೋಟೋ ಕೊಡಬಾರದಂತೆ. ಮಗಳದ್ದು ಒಂದೇ ಮಾತು: "ರೀ, ನಮ್ಮಪ್ಪನ ಎಡೆನಾ?"

"ಬೀಡಿ?" ಎಂದೆ ನಾನು. "ನರಿ ಬೀಡಿ ಸೇದ್ತಾ?"

ಅವನು ಸ್ಟಿಯರಿಂಗಿಗೆ ಹಣೆ ಕೊಟ್ಟ. "ಒಂದು ನಾನು ಸೇದಿದೆ ಅತ್ತೆ. ಮೈಸೂರಿಗೆ ಬಂದಾಗೆಲ್ಲ ಮಾವನೋರು ನಂಗೊಂದು ಕೊಡ್ತಿದ್ರು, ನಿಮಗೆ ಗೊತ್ತಾಗದಂಗೆ, ಟೆರೇಸಲ್ಲಿ. ಮಿಕ್ಕಿದ್ದು ಕ್ಯಾಮೆರಾ ಬ್ಯಾಗಲ್ಲಿದೆ."

ಟೆರೇಸಿನ ವಿಷಯ ನನಗೆ ಆಗಲೇ ಗೊತ್ತಿತ್ತು. ಇಬ್ಬರೂ ಕೆಳಗಿಳಿದು ಬರುವಾಗ ಏಲಕ್ಕಿ ಅಗಿಯುತ್ತಿದ್ದರು.

"ಬೀಡಿಗೆ ನಾನೇನೂ ಅನ್ನಲ್ಲ," ಎಂದೆ. "ಅವರು ಕೊಟ್ಟಿದ್ದು, ನೀನು ಸೇದ್ದೆ. ನಿನ್ನ ರಿಬ್ಬನ್ನೂ ನಂಗೆ ಬ್ಯಾಡ, ಅದು ನೀನುಂಟು ನಿನ್ನ ಕ್ಲಬ್ಬುಂಟು. ಕಾಗೆ ತಿಂತು ಅಂತ ನಂಗೆ ಸುಳ್ಳು ಹೇಳಿದ್ಯಲ್ಲ, ಅದು ತಪ್ಪು. ವರ್ಷಕ್ಕೊಂದು ಊಟ ಕಣಯ್ಯ ಆ ಮನುಷ್ಯಂಗೆ. ಬಂದು ಬರಿ ಎಲೆ ನೋಡ್ಕೊಂಡು ಹೋಗಿರ್ತಾರೆ."

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಆಗ ಕಾರು ಹೊರಟಿತು. ರಾತ್ರಿ ಅವನು ಕ್ಲಬ್ಬಿನವರಿಗೆ ನಿಜ ಬರೆದು ಕಳಿಸಿದನೆಂದು ಮಗಳು ಹೇಳಿದಳು. ಕಳಿಸಿದನೋ ಇಲ್ಲವೋ, ನಾನು ನೋಡಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಪಕ್ಷ ಮುಗಿದು ಎಷ್ಟೋ ದಿನವಾಗಿತ್ತು, ಶಾಸ್ತ್ರ ಬಲ್ಲವರು ಇದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ, ಹಸಿದಿರುವುದು ಅವರಲ್ಲ. ಫ್ರಿಜ್ಜಿನಲ್ಲಿದ್ದ ಕೋಳಿ ತೆಗೆದು ಸಾರು ಮಾಡಿದೆ. ವಡೆ ಕರಿದೆ, ಮುದ್ದೆ ತಿರುವಿದೆ. ಕಜ್ಜಾಯಕ್ಕೆ ಹೊತ್ತಿರಲಿಲ್ಲ, ಬೆಲ್ಲದ ತುಂಡು ಇಟ್ಟೆ. ಡೆಕ್ಕಿನ ಮೇಲೆ ಎಲೆ ಹಾಸಿ ಬಡಿಸಿದೆ, ಕ್ಯಾಮೆರಾ ಬ್ಯಾಗಿನಿಂದ ಬೀಡಿ ಕಟ್ಟು ತೆಗೆದು ಪಕ್ಕದಲ್ಲಿಟ್ಟೆ. ಆಮೇಲೆ ಅಳಿಯನ ರೂಮಿನ ಬಾಗಿಲು ಬಡಿದೆ.

ಪೈಜಾಮದಲ್ಲೇ ಬಂದ. ಕೈಗೆ ಒಂದು ಕೋಲು ಕೊಟ್ಟೆ.

"ಅಲ್ಲಿ ನಿಂತ್ಕೊಳಿ. ಎಲೆಗೆ ಬೆನ್ನು ಹಾಕಿ. ಅಳಿಲು ಬಂದರೆ ಓಡಿಸಿ, ಪಕ್ಕದ ಮನೆ ಬೆಕ್ಕು ಬಂದರೂ ಓಡಿಸಿ. ಕಾಗೆ ಬರೋಗಂಟ ಒಳಗೆ ಬರಬ್ಯಾಡಿ."

"ಎಲೆಗೆ ಬೆನ್ನು ಹಾಕಿದ್ರೆ ಕಾಗೆ ಬಂದಿದ್ದು ಹೆಂಗೆ ಗೊತ್ತಾಗುತ್ತೆ ಅತ್ತೆ?"

"ಕೂಗಿ ಕರೀರಿ. ಕರೆದ್ರೆ ಅದೇ ಕೂಗಿ ಹೇಳ್ತದೆ."

"ಚಳಿ ಅತ್ತೆ..."

"ಅವರಿಗೂ ಚಳಿನೇ."

ಪಕ್ಕದ ಮನೆಯವರು ಕಾಫಿ ಲೋಟ ಹಿಡಿದುಕೊಂಡು ಅವರ ಡೆಕ್ಕಿಗೆ ಬಂದು ನಿಂತಿದ್ದರು. ಅವನು ಅವರ ಕಡೆ ಕೋಲು ಎತ್ತಿ ಗುಡ್ ಮಾರ್ನಿಂಗ್ ಎಂದ. ಆಮೇಲೆ ಆಕಾಶದ ಕಡೆ ಮುಖ ಮಾಡಿ, ಮೊದಲು ಸಣ್ಣದಾಗಿ, ಆಮೇಲೆ ಗಟ್ಟಿಯಾಗಿ, ಕಾ ಕಾ ಎಂದು ಕರೆಯಲು ಶುರು ಮಾಡಿದ. ನಾನು ಗಾಜಿನ ಬಾಗಿಲು ಎಳೆದು, ಚಿಲಕ ಹಾಕಿ, ಪರದೆ ಬಿಟ್ಟೆ.